ಗುದನಾಳದ ಕ್ಯಾನ್ಸರ್: ಆಪರೇಷನ್‌ಗೆ ಮೊದಲು ಏನು, ಆಮೇಲೆ ಏನು?

ಈ ಸಲ ಬಂದ ಪತ್ರಗಳಲ್ಲಿ ಗುದನಾಳದ ಕ್ಯಾನ್ಸರ್ ಬಗ್ಗೆ ಕೇಳಿದವೇ ಹೆಚ್ಚು. ಲಿವರ್, ಶ್ವಾಸಕೋಶಗಳಿಗೆ ಹರಡದೆ, ಗುದನಾಳ ಮತ್ತು ಅದರ ಸುತ್ತಲಿನ ದುಗ್ಧಗ್ರಂಥಿಗಳಲ್ಲೇ ಇರುವ ಕಾಯಿಲೆಗೆ ಸಂಬಂಧಪಟ್ಟ ಪ್ರಶ್ನೆಗಳನ್ನಷ್ಟೇ ಇಲ್ಲಿ ತೆಗೆದುಕೊಂಡಿದ್ದೇವೆ. ಮಾತ್ರೆ, ಔಷಧಿಗಳ ಪ್ರಮಾಣವನ್ನು ತಿಳಿವಳಿಕೆಗಾಗಿ ಕೊಟ್ಟಿದ್ದೇವೆ. ನಿಮ್ಮ ವೈದ್ಯರು ಬರೆದುಕೊಟ್ಟದ್ದೇ ಅಂತಿಮ.

ಪ್ರಶ್ನೆ: ಅಪ್ಪನಿಗೆ 58 ವರ್ಷ. ಮಲದಲ್ಲಿ ರಕ್ತ ಬರುತ್ತಿದ್ದುದಕ್ಕೆ ಎಂಟು ತಿಂಗಳು ಪೈಲ್ಸ್ ಎಂದು ಔಷಧಿ ಮಾಡಿದೆವು. ಈಗ ಕೊಲೊನೋಸ್ಕೋಪಿಯಲ್ಲಿ ಗುದದ್ವಾರದಿಂದ 7 ಸೆಂ.ಮೀ. ಮೇಲೆ ಗಡ್ಡೆ ಕಂಡಿದೆ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಒಬ್ಬ ಡಾಕ್ಟರು ಇದೇ ವಾರ ಆಪರೇಷನ್ ಮಾಡೋಣ ಎನ್ನುತ್ತಾರೆ, ಇನ್ನೊಬ್ಬರು ಮೊದಲು ಕರೆಂಟ್ (ರೇಡಿಯೇಷನ್) ಕೊಡಿಸಿ ಎನ್ನುತ್ತಾರೆ. ಅಷ್ಟು ದಿನ ಕಾದರೆ ಹರಡುವುದಿಲ್ಲವೇ? — ಹಾಸನ

ಎಂಆರ್‌ಐ ಆಗಿದೆಯೇ ಎಂಬುದನ್ನು ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಯಾವ ಆಪರೇಷನ್‌ಗೂ ಒಪ್ಪಿಗೆಯ ಸಹಿ ಹಾಕಬೇಡಿ. ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ಗುದನಾಳ ಇರುವುದು ಸೊಂಟದ ಮೂಳೆಗಳ ಇಕ್ಕಟ್ಟಿನ ಜಾಗದಲ್ಲಿ. ಮುಂದೆ ಮೂತ್ರಕೋಶ, ಗಂಡಸರಲ್ಲಿ ಪ್ರೊಸ್ಟೇಟ್, ಹೆಂಗಸರಲ್ಲಿ ಯೋನಿ ಮತ್ತು ಗರ್ಭಕೋಶ. ಅಕ್ಕಪಕ್ಕದಲ್ಲಿ ಮೂತ್ರ ಮತ್ತು ಲೈಂಗಿಕ ಕ್ರಿಯೆಯ ನರಗಳು. ಗಡ್ಡೆಯ ಅಂಚು ಸ್ವಲ್ಪವೇ ಉಳಿದರೂ ಅದೇ ಜಾಗದಲ್ಲಿ ಮತ್ತೆ ಬೆಳೆಯುತ್ತದೆ. ಹಾಗೆ ಸೊಂಟದೊಳಗೆ ಮರಳಿ ಬಂದ ಕ್ಯಾನ್ಸರ್ ವಿಪರೀತ ನೋವು ಕೊಡುತ್ತದೆ, ಎರಡನೇ ಸಲ ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಮೊದಲ ಆಪರೇಷನ್ನೇ ಸರಿಯಾಗಿ ಆಗಬೇಕು. ಅದು ಸರಿಯಾಗುವುದು ಮೊದಲ ಯೋಜನೆ ಸರಿ ಇದ್ದರೆ ಮಾತ್ರ.

ಸಿಟಿ ಸ್ಕ್ಯಾನ್ ಶ್ವಾಸಕೋಶಕ್ಕೂ ಲಿವರ್‌ಗೂ ಹರಡಿದೆಯೇ ಎಂದು ನೋಡುವುದಕ್ಕೆ. ಗುದನಾಳದ ಗೋಡೆಯ ಪದರಗಳು ಅದರಲ್ಲಿ ಬಿಡಿಸಿ ಕಾಣುವುದಿಲ್ಲ, ಅದಕ್ಕೆ ಸೊಂಟದ ಎಂಆರ್‌ಐ ಬೇಕು. ವರದಿ ಕೈಗೆ ಬಂದ ಮೇಲೆ ಅದರಲ್ಲಿ ಈ ಐದು ವಿಷಯ ಇವೆಯೇ ನೋಡಿ: ಗುದದ್ವಾರದಿಂದ ಗಡ್ಡೆಯ ಕೆಳ ಅಂಚಿಗೆ ಎಷ್ಟು ಸೆಂ.ಮೀ.; ಗೋಡೆಯ ಯಾವ ಪದರದವರೆಗೆ ಇಳಿದಿದೆ (ಟಿ1ರಿಂದ ಟಿ4; ಅಂಕಿ ಹೆಚ್ಚಿದಷ್ಟೂ ಆಳ); ಗ್ರಂಥಿಗಳಲ್ಲಿ ಅನುಮಾನ ಇದೆಯೇ; ಸುತ್ತಲಿನ ಕೊಬ್ಬಿನ ಹೊರಪೊರೆಗೂ ಗಡ್ಡೆಗೂ ನಡುವೆ ಎಷ್ಟು ಮಿಲಿಮೀಟರ್ ಜಾಗ ಉಳಿದಿದೆ; ಗೋಡೆಯ ಹೊರಗಿನ ರಕ್ತನಾಳಕ್ಕೆ ಗಡ್ಡೆ ನುಗ್ಗಿದೆಯೇ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. 1 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಜಾಗವಿದ್ದರೆ ನೇರ ಆಪರೇಷನ್‌ನಲ್ಲಿ ಅಂಚು ಉಳಿಯುವ ಅಪಾಯ ಹೆಚ್ಚು. ‘ಗುದನಾಳದಲ್ಲಿ ಗಡ್ಡೆ ಇದೆ’ ಎಂಬ ಎರಡು ಸಾಲು ಮಾತ್ರ ಬರೆದುಕೊಟ್ಟಿದ್ದರೆ, ಕ್ಯಾನ್ಸರ್ ಆಸ್ಪತ್ರೆಯ ರೇಡಿಯಾಲಜಿಸ್ಟ್ ಬಳಿ ಸಿಡಿ ಕೊಟ್ಟು ಮತ್ತೊಮ್ಮೆ ಓದಿಸಿ. ಸಿಇಎ ಎಂಬ ರಕ್ತಪರೀಕ್ಷೆಯೂ ಚಿಕಿತ್ಸೆಗೆ ಮುಂಚೆಯೇ ಆಗಬೇಕು, ಮುಂದೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಕೊಲೊನೋಸ್ಕೋಪಿ ಇಡೀ ದೊಡ್ಡ ಕರುಳನ್ನು ನೋಡಿ ಬಂದಿರಬೇಕು, ಯಾಕೆಂದರೆ ಮೇಲೆ ಇನ್ನೊಂದು ಗಡ್ಡೆ ಇರುವ ಸಾಧ್ಯತೆ ಇದ್ದೇ ಇದೆ.

ಟಿ1, ಟಿ2 ಮಟ್ಟದಲ್ಲಿದ್ದು ಗ್ರಂಥಿಗಳು ಶುದ್ಧವಾಗಿದ್ದರೆ ನೇರ ಆಪರೇಷನ್ನೇ ಸರಿ, ಮೊದಲು ಹೇಳಿದ ಡಾಕ್ಟರ ಮಾತೇ ನಿಲ್ಲುತ್ತದೆ. ಟಿ3, ಟಿ4 ಇದ್ದರೆ ಅಥವಾ ಗ್ರಂಥಿಗಳಿಗೆ ತಗುಲಿದ್ದರೆ ಸಾಮಾನ್ಯವಾಗಿ ಆಪರೇಷನ್‌ಗೆ ಮೊದಲೇ ಚಿಕಿತ್ಸೆ ಶುರುವಾಗಬೇಕು. ಗುದದ್ವಾರದಿಂದ 10–12 ಸೆಂ.ಮೀ.ಗಿಂತ ಮೇಲಿರುವ ಗಡ್ಡೆಗಳಲ್ಲಿ ಎಷ್ಟೋ ಸಲ ರೇಡಿಯೇಷನ್ ಬೇಕಾಗುವುದಿಲ್ಲ. ನಿಮ್ಮ ತಂದೆಯ ಗಡ್ಡೆ ಇರುವುದು ಮಧ್ಯ ಭಾಗದಲ್ಲಿ.

ರೇಡಿಯೇಷನ್ ಮೊದಲು ಯಾಕೆ, ಆಮೇಲೆ ಯಾಕಲ್ಲ? ಈ ಪ್ರಶ್ನೆಗೆ ಜರ್ಮನಿಯ ದೊಡ್ಡ ಅಧ್ಯಯನವೊಂದು 2004ರಲ್ಲಿ ಉತ್ತರ ಕೊಟ್ಟಿತು. ಒಂದು ಗುಂಪಿಗೆ ಆಪರೇಷನ್‌ಗೆ ಮುಂಚೆ, ಇನ್ನೊಂದಕ್ಕೆ ಆಮೇಲೆ ರೇಡಿಯೇಷನ್ ಮತ್ತು ಕೀಮೋ ಕೊಟ್ಟರು. ಐದು ವರ್ಷದಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿದ್ದು ಮೊದಲ ಗುಂಪಿನಲ್ಲಿ ಶೇ. 6, ಎರಡನೆಯದರಲ್ಲಿ ಶೇ. 13. ತೀವ್ರ ಅಡ್ಡಪರಿಣಾಮಗಳೂ ಮೊದಲ ಗುಂಪಿನಲ್ಲೇ ಕಡಿಮೆ. ಬದುಕುಳಿದವರ ಪ್ರಮಾಣ ಮಾತ್ರ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಆಪರೇಷನ್ ಆದ ಮೇಲೆ ಸಣ್ಣಕರುಳು ಸೊಂಟದೊಳಗಿನ ಖಾಲಿ ಜಾಗಕ್ಕೆ ಇಳಿದಿರುತ್ತದೆ, ಕಿರಣ ಅದಕ್ಕೂ ತಾಗುತ್ತದೆ. ಗಾಯದ ಅಂಗಾಂಶಕ್ಕೆ ರಕ್ತ ಕಡಿಮೆ ಹರಿಯುವುದರಿಂದ ಕಿರಣದ ಪರಿಣಾಮವೂ ಕುಗ್ಗುತ್ತದೆ.

ಹರಡುವ ಭಯದ ಬಗ್ಗೆ: ಈ ಗಡ್ಡೆ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಬೆಳೆದದ್ದು. ಪರೀಕ್ಷೆಗಳಿಗೆ ಹಿಡಿಯುವ ಎರಡು ವಾರದಿಂದ ನಷ್ಟವಿಲ್ಲ. ರೇಡಿಯೇಷನ್ ನಡೆಯುವ ದಿನಗಳೂ ಚಿಕಿತ್ಸೆಯ ದಿನಗಳೇ, ಕಾಯುವ ದಿನಗಳಲ್ಲ. ಕಾಯಬಾರದ ಸಂದರ್ಭ ಒಂದಿದೆ. ಹೊಟ್ಟೆ ಉಬ್ಬಿ, ಮಲವೂ ಗಾಳಿಯೂ ನಿಂತು, ವಾಂತಿ ಶುರುವಾದರೆ ಕರುಳು ಕಟ್ಟಿದೆ ಎಂದು ಅರ್ಥ. ಆಗ ಹೊಟ್ಟೆಯ ಮೇಲೆ ತಾತ್ಕಾಲಿಕ ದಾರಿ ಮಾಡಿ, ಆಮೇಲೆ ಚಿಕಿತ್ಸೆ ಮುಂದುವರಿಸುತ್ತಾರೆ.

ಒಂದು ಮಾತು ಎಲ್ಲ ಓದುಗರಿಗೂ: ನಮ್ಮಲ್ಲಿ ಈ ಕಾಯಿಲೆ ಮೂವತ್ತು, ನಲವತ್ತರ ವಯಸ್ಸಿನವರಿಗೂ ಬರುತ್ತದೆ. ಮಲದಲ್ಲಿ ರಕ್ತ ಎರಡು ಮೂರು ವಾರ ಮುಂದುವರಿದರೆ, ವಯಸ್ಸು ಎಷ್ಟೇ ಇರಲಿ, ಬೆರಳಿನಿಂದ ಪರೀಕ್ಷೆ ಮಾಡದೆ ಪೈಲ್ಸ್ ಔಷಧಿ ಬರೆಸಿಕೊಳ್ಳಬೇಡಿ. ಕೆಳಭಾಗದ ಎಷ್ಟೋ ಗಡ್ಡೆಗಳು ಬೆರಳಿಗೇ ಸಿಗುತ್ತವೆ.

ಪ್ರಶ್ನೆ: ಒಂದು ಆಸ್ಪತ್ರೆಯಲ್ಲಿ ಐದೇ ದಿನದ ರೇಡಿಯೇಷನ್ ಎಂದರು, ಇನ್ನೊಂದರಲ್ಲಿ ಐದೂವರೆ ವಾರ. ಐದು ದಿನದ್ದು ಅರೆಬರೆ ಚಿಕಿತ್ಸೆಯೇ? — ಮಂಗಳೂರು

ಅಲ್ಲ. ಐದು ದಿನದ್ದರಲ್ಲಿ ದಿನಕ್ಕೆ 5 ಗ್ರೇಯಂತೆ ಒಟ್ಟು 25 ಗ್ರೇ (ಗ್ರೇ ಎಂದರೆ ಕಿರಣದ ಪ್ರಮಾಣದ ಅಳತೆ). ಉದ್ದದ್ದರಲ್ಲಿ ದಿನಕ್ಕೆ 1.8 ಅಥವಾ 2 ಗ್ರೇಯಂತೆ 25ರಿಂದ 28 ದಿನ, ಒಟ್ಟು 45ರಿಂದ 50.4 ಗ್ರೇ. ಇದರ ಜೊತೆಗೆ ಕ್ಯಾಪೆಸಿಟಾಬಿನ್ ಎಂಬ ಕೀಮೋ ಮಾತ್ರೆ. ಒಟ್ಟು ಅಂಕಿ ಅರ್ಧ ಕಂಡರೂ, ಒಂದೊಂದು ದಿನದ ಪ್ರಮಾಣ ದೊಡ್ಡದಾದ್ದರಿಂದ ಜೀವಕೋಶಗಳ ಮೇಲೆ ಆಗುವ ಪೆಟ್ಟನ್ನು ಸುಮ್ಮನೆ ಕೂಡಿ ಕಳೆದು ಅಳೆಯಲಾಗದು. ಐದು ದಿನದ ಪದ್ಧತಿ ಸ್ವೀಡನ್ನಿನಲ್ಲಿ ದಶಕಗಳಿಂದ ಬಳಕೆಯಲ್ಲಿದೆ.

ಆಯ್ಕೆ ಗಡ್ಡೆಯನ್ನು ನೋಡಿ ಆಗಬೇಕು. ಅಂಚು ಅಪಾಯದಲ್ಲಿದ್ದು ಗಡ್ಡೆ ಚೆನ್ನಾಗಿ ಕುಗ್ಗಲೇಬೇಕು ಎಂದಿದ್ದರೆ, ಅಥವಾ ಗುದದ್ವಾರವನ್ನು ಉಳಿಸುವ ಆಸೆಯಿದ್ದರೆ, ಹಲವು ತಂಡಗಳು ಉದ್ದದ್ದನ್ನೇ ಆರಿಸುತ್ತವೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ, ಊರು ದೂರವಿದ್ದು ಐದು ವಾರ ಲಾಡ್ಜಿನಲ್ಲಿ ಉಳಿಯಲಾಗದವರಿಗೆ ಚಿಕ್ಕದ್ದು ದೊಡ್ಡ ಅನುಕೂಲ.

ಈಗ ಗಂಭೀರ ಗಡ್ಡೆಗಳಿಗೆ ರೇಡಿಯೇಷನ್ನನ್ನೂ ಪೂರ್ತಿ ಕೀಮೋವನ್ನೂ ಆಪರೇಷನ್‌ಗೆ ಮೊದಲೇ ಮುಗಿಸುವ ಕ್ರಮ ಬಂದಿದೆ. ಆಪರೇಷನ್ ಆದ ಮೇಲೆ ದೇಹ ಸೋತಿರುವಾಗ ಕೀಮೋ ಅರ್ಧಕ್ಕೇ ನಿಂತುಹೋಗುವುದು ಇದರಿಂದ ತಪ್ಪುತ್ತದೆ. 2021ರಲ್ಲಿ ಪ್ರಕಟವಾದ ರಾಪಿಡೊ ಅಧ್ಯಯನದಲ್ಲಿ ಐದು ದಿನದ ರೇಡಿಯೇಷನ್, ಅದರ ಬೆನ್ನಿಗೆ 18 ವಾರಗಳ ಕೀಮೋ, ನಂತರ ಆಪರೇಷನ್ ಮಾಡಿದರು. ತೆಗೆದ ಭಾಗದಲ್ಲಿ ಕ್ಯಾನ್ಸರ್ ಒಂದಿಷ್ಟೂ ಉಳಿಯದವರು ಶೇ. 28. ಉದ್ದದ ರೇಡಿಯೇಷನ್ ಮುಗಿಸಿ ಆಪರೇಷನ್ ಮಾಡುವ ಹಳೆಯ ಕ್ರಮದಲ್ಲಿ ಅದು ಶೇ. 14 ಇತ್ತು. ಆದರೆ ಐದು ವರ್ಷದ ಲೆಕ್ಕ ನೋಡಿದಾಗ ಅದೇ ಜಾಗದಲ್ಲಿ ಮರಳಿದ ಪ್ರಕರಣ ಹೊಸ ಕ್ರಮದಲ್ಲಿ ಶೇ. 10, ಹಳೆಯದರಲ್ಲಿ ಶೇ. 6. ದೂರದ ಅಂಗಗಳಿಗೆ ಹರಡುವುದು ಮಾತ್ರ ಹೊಸ ಕ್ರಮದಲ್ಲಿ ಕಡಿಮೆ. ಹೀಗಾಗಿ ಐದು ದಿನದ್ದು ಎಲ್ಲರಿಗೂ ಒಳ್ಳೆಯದು ಎಂದೂ ಹೇಳಲಾಗದು, ಕೆಟ್ಟದ್ದು ಎಂದೂ ಹೇಳಲಾಗದು.

ಎರಡರಲ್ಲೂ ಪಾಲಿಸಬೇಕಾದ್ದು ಮೂತ್ರಕೋಶದ ಶಿಸ್ತು. ಮೂತ್ರ ಮಾಡಿ ಬಂದು, ಅರ್ಧ ಲೀಟರ್‌ನಷ್ಟು ನೀರು ಕುಡಿದು, ಮುಕ್ಕಾಲು ಗಂಟೆಯೊಳಗೆ ಯಂತ್ರದ ಮೇಲೆ ಮಲಗುವುದು ಅನೇಕ ಕೇಂದ್ರಗಳ ಪದ್ಧತಿ. ತುಂಬಿದ ಮೂತ್ರಕೋಶ ಸಣ್ಣಕರುಳನ್ನು ಮೇಲಕ್ಕೆ ತಳ್ಳಿ ಕಿರಣದಿಂದ ದೂರ ಇಡುತ್ತದೆ. ಮೊದಲ ದಿನ ಎಷ್ಟು ಕುಡಿದಿರೋ ಕೊನೆಯ ದಿನವೂ ಅಷ್ಟೇ ಕುಡಿಯಿರಿ. ಆ ಜಾಗಕ್ಕೆ ಅರಿಸಿನ, ಎಣ್ಣೆ, ಪೌಡರ್ ಹಚ್ಚಬೇಡಿ. ಐದು ದಿನದ ರೇಡಿಯೇಷನ್‌ನಲ್ಲಿ ಎಷ್ಟೋ ಜನ ಮೋಸಹೋಗುವುದು ಎರಡನೇ ವಾರದಲ್ಲಿ. ಏನೂ ಆಗಲಿಲ್ಲ ಎಂದು ಊರಿಗೆ ಮರಳಿದ ಮೇಲೆ ಭೇದಿ, ಉರಿಮೂತ್ರ, ಮತ್ತೆ ಮತ್ತೆ ಮಲಕ್ಕೆ ಹೋಗಬೇಕೆನ್ನಿಸುವುದು ಶುರುವಾಗುತ್ತದೆ. ಅದು ಕಾಯಿಲೆ ಹೆಚ್ಚಿದ್ದಲ್ಲ, ಕಿರಣದ ಬಾವು. ಹಾಗಂತ ಸುಮ್ಮನೆ ಕೂರಬೇಡಿ. ದಿನಕ್ಕೆ ಆರೇಳು ಸಲಕ್ಕಿಂತ ಹೆಚ್ಚು ನೀರಾಗಿ ಹೋದರೆ ಆಸ್ಪತ್ರೆಗೆ ಫೋನ್ ಮಾಡಿ.

ಪ್ರಶ್ನೆ: ನನಗೆ 33 ವರ್ಷ, ಮದುವೆಯಾಗಿ ಎರಡು ವರ್ಷ, ಮಕ್ಕಳಾಗಿಲ್ಲ. ರೇಡಿಯೇಷನ್ ಮುಂದಿನ ವಾರ ಶುರು ಎಂದಿದ್ದಾರೆ. — ದಾವಣಗೆರೆ

ನಾಳೆಯೇ ನಿಮ್ಮ ಕ್ಯಾನ್ಸರ್ ವೈದ್ಯರಿಗೆ ಈ ವಿಷಯ ಹೇಳಿ. ಸಂಕೋಚ ಪಡಬೇಡಿ, ಅವರು ಕೇಳಲಿಲ್ಲವೆಂದು ಸುಮ್ಮನಿರಲೂ ಬೇಡಿ. ಸೊಂಟಕ್ಕೆ ಕೊಡುವ ಈ ಪ್ರಮಾಣದ ರೇಡಿಯೇಷನ್‌ನಿಂದ ಅಂಡಾಶಯಗಳು ಕೆಲಸ ನಿಲ್ಲಿಸುತ್ತವೆ, ಮುಟ್ಟು ನಿಲ್ಲುತ್ತದೆ. ಗರ್ಭಕೋಶಕ್ಕೂ ಪೆಟ್ಟು ಬೀಳುವುದರಿಂದ ಮುಂದೆ ಗರ್ಭ ನಿಲ್ಲುವುದು ಕಷ್ಟ. ಅಂಡಾಣು ಅಥವಾ ಭ್ರೂಣವನ್ನು ಶೈತ್ಯದಲ್ಲಿಡಲು ಸುಮಾರು ಎರಡು ವಾರ ಸಾಕು, ಅಷ್ಟು ತಡವಾಗುವುದನ್ನು ಹೆಚ್ಚಿನ ತಂಡಗಳು ಒಪ್ಪುತ್ತವೆ. ಲ್ಯಾಪರೋಸ್ಕೋಪಿಯಲ್ಲಿ ಅಂಡಾಶಯಗಳನ್ನು ಕಿರಣದ ದಾರಿಯಿಂದ ಮೇಲಕ್ಕೆ ಸರಿಸುವ ಉಪಾಯವೂ ಇದೆ. ಅದರಿಂದ ಹಾರ್ಮೋನು ಉಳಿಯಬಹುದು, ಗರ್ಭಕೋಶ ಉಳಿದ ಹಾಗಾಗುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ರೇಡಿಯೇಷನ್ ಇಲ್ಲದೆ ಕೀಮೋದಿಂದಲೇ ಶುರು ಮಾಡಬಹುದೇ?’ 2023ರಲ್ಲಿ ಬಂದ ಪ್ರಾಸ್ಪೆಕ್ಟ್ ಅಧ್ಯಯನದಲ್ಲಿ, ತೀರಾ ಕೆಳಗಿರದ, ಅಂಚು ಅಪಾಯದಲ್ಲಿರದ, ಟಿ4 ಅಲ್ಲದ ಗಡ್ಡೆಗಳಿಗೆ ಆರು ಸುತ್ತು ಫಾಲ್ಫಾಕ್ಸ್ ಕೀಮೋ ಕೊಟ್ಟರು. ಗಡ್ಡೆ ಸಾಕಷ್ಟು ಕುಗ್ಗದವರಿಗೆ ಮಾತ್ರ ರೇಡಿಯೇಷನ್ ಸೇರಿಸಿದರು. ಐದು ವರ್ಷದ ಫಲಿತಾಂಶ ರೇಡಿಯೇಷನ್ ಪಡೆದವರಿಗಿಂತ ಕಡಿಮೆಯೇನೂ ಇರಲಿಲ್ಲ. ನಿಮ್ಮ ಎಂಆರ್‌ಐ ಈ ಗುಂಪಿಗೆ ಸೇರಿದರೆ ಇದು ನಿಜವಾದ ಆಯ್ಕೆ. ರೇಡಿಯೇಷನ್ ಅನಿವಾರ್ಯವಾದರೆ, ಮುಗಿದ ಸುಮಾರು ಒಂದು ತಿಂಗಳ ಮೇಲೆ ಯೋನಿ ಕಿರಿದಾಗದಂತೆ ಡೈಲೇಟರ್ ಬಳಸುವುದನ್ನು ಸ್ತ್ರೀರೋಗ ತಜ್ಞರಿಂದ ಕಲಿತುಕೊಳ್ಳಿ.

ಗಂಡಸರು ವೀರ್ಯವನ್ನು ಶೇಖರಿಸಿಡಲು ಒಂದೆರಡು ದಿನ ಸಾಕು. ಅದನ್ನೂ ಮೊದಲೇ ಮಾಡಬೇಕು.

ಪ್ರಶ್ನೆ: ರೇಡಿಯೇಷನ್ ಜೊತೆ ಕೊಟ್ಟ ಕ್ಯಾಪೆಸಿಟಾಬಿನ್ ಮಾತ್ರೆಯ ಲೆಕ್ಕ ಒಂದು, ಈಗ ಕೀಮೋದಲ್ಲಿ ಕೊಟ್ಟ ಅದೇ ಮಾತ್ರೆಯ ಲೆಕ್ಕ ಇನ್ನೊಂದು. ಯಾವುದು ಸರಿ? — ಧಾರವಾಡ

ಎರಡೂ ಸರಿ. ಗೊಂದಲ ಆಗುವುದು ಇಲ್ಲೇ, ಅಪಾಯವಾಗುವುದೂ ಇಲ್ಲೇ. ರೇಡಿಯೇಷನ್ ಜೊತೆ ಕೊಡುವಾಗ ಪ್ರಮಾಣ ಕಡಿಮೆ: ದೇಹದ ಮೇಲ್ಮೈಯ ಒಂದು ಚದರ ಮೀಟರಿಗೆ 825 ಮಿ.ಗ್ರಾಂ., ದಿನಕ್ಕೆರಡು ಸಲ, ಸಾಮಾನ್ಯವಾಗಿ ರೇಡಿಯೇಷನ್ ಇರುವ ದಿನ ಮಾತ್ರ. ಅಂದರೆ ಸೋಮವಾರದಿಂದ ಶುಕ್ರವಾರ, ಶನಿವಾರ ಭಾನುವಾರ ಬಿಡುವು. ಮೇಲ್ಮೈ 1.6 ಇದ್ದವರಿಗೆ ಒಂದು ಹೊತ್ತಿಗೆ ಸುಮಾರು 1,300 ಮಿ.ಗ್ರಾಂ.: 500ರ ಎರಡು, 150ರ ಎರಡು ಮಾತ್ರೆ. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿಯ ಡ್ರಿಪ್ ಜೊತೆ ಕೊಡುವಾಗ ಚದರ ಮೀಟರಿಗೆ 1,000 ಮಿ.ಗ್ರಾಂ., ದಿನಕ್ಕೆರಡು ಸಲ, ಸತತ 14 ದಿನ, ಆಮೇಲೆ 7 ದಿನ ಬಿಡುವು. ಇಲ್ಲಿ ಶನಿವಾರ ಭಾನುವಾರದ ರಜೆ ಇಲ್ಲ. ಹಳೆಯ ಚೀಟಿಯನ್ನು ಹರಿದುಹಾಕಿ, ಉಳಿದ ಮಾತ್ರೆಯನ್ನು ಆಸ್ಪತ್ರೆಗೆ ಹಿಂದಿರುಗಿಸಿ.

ಊಟ ಮುಗಿದ ಅರ್ಧ ಗಂಟೆಯೊಳಗೆ ನೀರಿನಲ್ಲಿ ನುಂಗಬೇಕು. ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಎಂದಿಟ್ಟುಕೊಳ್ಳಿ. ಒಂದು ಹೊತ್ತು ಮರೆತರೆ ಬಿಟ್ಟುಬಿಡಿ, ಮುಂದಿನ ಹೊತ್ತಿಗೆ ಎರಡು ಪಟ್ಟು ತೆಗೆದುಕೊಳ್ಳಬೇಡಿ. ಟಾನಿಕ್ ಎಂದು ಫೋಲಿಕ್ ಆಮ್ಲದ ಮಾತ್ರೆ ಸೇರಿಸಬೇಡಿ, ವಿಷಪರಿಣಾಮ ಹೆಚ್ಚುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಅಂಗೈ, ಅಂಗಾಲು ಕೆಂಪಾಗಿ ಉರಿ ಬಂದರೆ ಯೂರಿಯಾ ಇರುವ ಕ್ರೀಮ್ ಹಚ್ಚಿ, ಬಿಸಿನೀರಿನ ಪಾತ್ರೆ ತೊಳೆಯುವುದನ್ನು ಬಿಡಿ. ನಡೆಯಲು, ಬಟ್ಟೆ ಹಿಡಿಯಲು ನೋವಾದರೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಪ್ರಮಾಣ ಇಳಿಸಿ ಮತ್ತೆ ಶುರು ಮಾಡುತ್ತಾರೆ, ಇದು ಚಿಕಿತ್ಸೆಯ ಸೋಲಲ್ಲ. ಮೊದಲ ಸುತ್ತಿನ ಮೊದಲ ವಾರಗಳಲ್ಲೇ ವಿಪರೀತ ಭೇದಿ, ಬಾಯಿಹುಣ್ಣು, ಜ್ವರ ಒಟ್ಟಿಗೆ ಬಂದರೆ ತುರ್ತಾಗಿ ಆಸ್ಪತ್ರೆಗೆ ಹೋಗಿ. ಈ ಔಷಧಿಯನ್ನು ಒಡೆಯುವ ಡಿಪಿಡಿ ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ, ಅಂಥವರಿಗೆ ಮಾಮೂಲಿ ಪ್ರಮಾಣವೂ ಪ್ರಾಣಕ್ಕೆ ಎರವಾಗಬಹುದು.

ಆಕ್ಸಾಲಿಪ್ಲಾಟಿನ್ ಹಾಕಿಸಿಕೊಂಡ ನಾಲ್ಕೈದು ದಿನ ಫ್ರಿಜ್ಜಿಗೆ ಬರಿಗೈ ಹಾಕಬೇಡಿ, ತಣ್ಣೀರು ಕುಡಿಯಬೇಡಿ. ಗಂಟಲು ಹಿಡಿದು ಉಸಿರೇ ನಿಂತಂತೆ ಅನ್ನಿಸುತ್ತದೆ. ಬೆಚ್ಚಗಿನದು ಕುಡಿದರೆ ಬಿಡುತ್ತದೆ. ಬೆರಳ ಜೋಮು ಮುಂದಿನ ಸುತ್ತಿನವರೆಗೂ ಹೋಗದಿದ್ದರೆ, ಅಂಗಿಯ ಗುಂಡಿ ಹಾಕಲು ತಡಕಾಡುವಂತಾದರೆ ಖಂಡಿತ ಹೇಳಿ. ಸಹಿಸಿಕೊಂಡು ಎಲ್ಲ ಸುತ್ತು ಮುಗಿಸಿದರೆ ಆ ಜೋಮು ಶಾಶ್ವತವಾಗಿ ಉಳಿಯಬಹುದು. ಕೀಮೋ ನಡೆಯುವಾಗ 100.4 ಡಿಗ್ರಿ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎನ್ನಬೇಡಿ, ಅದೇ ರಾತ್ರಿ ಹೊರಡಿ.

ಪ್ರಶ್ನೆ: ರೇಡಿಯೇಷನ್, ಕೀಮೋ ಮುಗಿದ ಮೇಲೆ ಅಮ್ಮನ ಗಡ್ಡೆ ಪೂರ್ತಿ ಮಾಯವಾಗಿದೆ ಎಂದರು. ಆದರೂ ಆಪರೇಷನ್ ಬೇಕೇ? ಅಮೆರಿಕದಲ್ಲಿರುವ ತಮ್ಮ ಇಂಜೆಕ್ಷನ್‌ನಲ್ಲೇ ಗುಣವಾಗುತ್ತದಂತೆ ಎನ್ನುತ್ತಾನೆ. — ಬೆಂಗಳೂರು

ಮಾಯವಾಗಿದೆ ಎಂದು ಹೇಳುವುದಕ್ಕೆ ಮೂರೂ ಒಪ್ಪಬೇಕು: ಬೆರಳಿಗೆ ಗೋಡೆ ನುಣುಪಾಗಿ ಸಿಗಬೇಕು, ಸ್ಕೋಪ್‌ನಲ್ಲಿ ಬಿಳಿಚಿದ ಕಲೆಯಷ್ಟೇ ಕಾಣಬೇಕು, ಎಂಆರ್‌ಐಯಲ್ಲಿ ಗಡ್ಡೆಯಾಗಲಿ ಅನುಮಾನದ ಗ್ರಂಥಿಯಾಗಲಿ ಇರಬಾರದು. ಸಿಟಿ ಸ್ಕ್ಯಾನ್ ಒಂದನ್ನೇ ನೋಡಿ ಹೇಳಿದ್ದರೆ ನಂಬಬೇಡಿ.

ಮೂರೂ ಸರಿ ಇದ್ದರೆ ಆಪರೇಷನ್ ಮುಂದೂಡಿ ಕಾದುನೋಡುವ ಕ್ರಮ ಇದೆ. ಬ್ರೆಜಿಲ್‌ನ ಸಾವೊ ಪಾಲೊ ನಗರದ ಶಸ್ತ್ರವೈದ್ಯೆ ಆಂಜೆಲಿಟಾ ಹಬ್ರ್-ಗಾಮಾ ಇದನ್ನು ಮೊದಲು ಪ್ರತಿಪಾದಿಸಿದಾಗ ಬಹಳ ಜನ ಒಪ್ಪಲಿಲ್ಲ. ಇಂದು ಜಗತ್ತಿನ ದೊಡ್ಡ ಕೇಂದ್ರಗಳೆಲ್ಲ ಒಪ್ಪಿವೆ. ಒಪ್ರಾ ಅಧ್ಯಯನದಲ್ಲಿ ಮೊದಲು ರೇಡಿಯೇಷನ್, ಆಮೇಲೆ ಕೀಮೋ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನ ಮೂರು ವರ್ಷವಾದರೂ ಗುದನಾಳ ಉಳಿಸಿಕೊಂಡಿದ್ದರು. ಆದರೆ ಹೀಗೆ ಕಾದುನೋಡುವವರಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಗಡ್ಡೆ ಮತ್ತೆ ಚಿಗುರುತ್ತದೆ, ಅದೂ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಬೇಗ ಹಿಡಿದರೆ ಆಗ ಆಪರೇಷನ್ ಮಾಡಿ ಗುಣಪಡಿಸಬಹುದು. ಆದ್ದರಿಂದ ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ಬೆರಳು ಪರೀಕ್ಷೆ ಮತ್ತು ಸ್ಕೋಪ್, ಆರು ತಿಂಗಳಿಗೊಮ್ಮೆ ಎಂಆರ್‌ಐ ಮಾಡಿಸಲು ಸಾಧ್ಯವೇ ಎಂದು ಮನೆಯವರೆಲ್ಲ ಕೂತು ಯೋಚಿಸಿ. ನೋವಿಲ್ಲವಲ್ಲ ಎಂದು ತಪಾಸಣೆ ತಪ್ಪಿಸುವವರಿಗೆ ಈ ದಾರಿ ಬೇಡ, ಆಪರೇಷನ್ನೇ ಸುರಕ್ಷಿತ.

ತಮ್ಮ ಹೇಳಿದ್ದು ಡೋಸ್ಟಾರ್ಲಿಮಾಬ್ ಬಗ್ಗೆ ಇರಬೇಕು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರ 2022ರಲ್ಲಿ ವರದಿ ಮಾಡಿದ 12 ಜನರಲ್ಲಿ 12 ಜನರ ಗಡ್ಡೆಯೂ ಈ ಔಷಧಿ ಒಂದರಿಂದಲೇ ಕರಗಿತ್ತು. ಆದರೆ ಅವರೆಲ್ಲರ ಗಡ್ಡೆಯಲ್ಲಿ, ಡಿಎನ್‌ಎಯ ತಪ್ಪುಗಳನ್ನು ಸರಿಪಡಿಸುವ ಎಂಎಂಆರ್ ಪ್ರೋಟೀನುಗಳ ಕೊರತೆ ಇತ್ತು. ಗುದನಾಳದ ಕ್ಯಾನ್ಸರ್‌ಗಳಲ್ಲಿ ಅಂಥವು ನೂರಕ್ಕೆ ಐದರಿಂದ ಹತ್ತು. ಆದರೂ ಪ್ರತಿಯೊಬ್ಬರ ಬಯಾಪ್ಸಿಯಲ್ಲೂ ಎಂಎಂಆರ್ ಪರೀಕ್ಷೆ ಮೊದಲೇ ಆಗಬೇಕು. ಕೊರತೆ ಇದ್ದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಲಿಂಚ್ ಎಂಬ ವಂಶವಾಹಿ ದೋಷ ಇದೆಯೇ ಎಂದು ಒಡಹುಟ್ಟಿದವರನ್ನೂ ಪರೀಕ್ಷಿಸಬೇಕಾಗುತ್ತದೆ.

ಪ್ರಶ್ನೆ: ಜೀವನಪೂರ್ತಿ ಹೊಟ್ಟೆಯ ಮೇಲೆ ಚೀಲ ಹೊತ್ತು ಬದುಕಬೇಕೇ? ಅದಕ್ಕೇ ಆಪರೇಷನ್ ಬೇಡ ಎನ್ನುತ್ತಿದ್ದೇನೆ. — ಶಿವಮೊಗ್ಗ

ನಿಮ್ಮ ಗಡ್ಡೆ ಗುದದ್ವಾರದಿಂದ ಎಷ್ಟು ದೂರ, ಬಿಗಿಹಿಡಿಯುವ ಸ್ನಾಯುವಿಗೆ ತಾಗಿದೆಯೇ ಎಂಬುದರ ಮೇಲೆ ಅದು ನಿಂತಿದೆ. ಸ್ನಾಯುವಿಗೆ ನುಗ್ಗಿದ್ದರೆ ಗುದದ್ವಾರವನ್ನೂ ತೆಗೆದು ಶಾಶ್ವತ ಸ್ಟೋಮಾ (ಮಲ ಹೋಗಲು ಹೊಟ್ಟೆಯ ಮೇಲೆ ಮಾಡುವ ದಾರಿ) ಮಾಡಬೇಕು. ಸ್ವಲ್ಪ ಮೇಲಿದ್ದರೆ ಗುದನಾಳವನ್ನು ಸುತ್ತಲಿನ ಕೊಬ್ಬಿನ ಸಮೇತ, ಹೊರಪೊರೆ ಎಲ್ಲೂ ಹರಿಯದಂತೆ ಬಿಡಿಸಿ ತೆಗೆದು ಕರುಳನ್ನು ಮತ್ತೆ ಜೋಡಿಸುತ್ತಾರೆ. ಹೀಗೆ ಇಡಿಯಾಗಿ ತೆಗೆಯುವ ವಿಧಾನವನ್ನು ಇಂಗ್ಲೆಂಡಿನ ಬಿಲ್ ಹೀಲ್ಡ್ 1982ರಲ್ಲಿ ವಿವರಿಸಿದರು. ಅದೇ ಜಾಗದಲ್ಲಿ ಕ್ಯಾನ್ಸರ್ ಮರಳುವುದು ಅದರಿಂದ ಬಹಳ ಇಳಿಯಿತು. ಜೋಡಣೆ ತೀರಾ ಕೆಳಗಿದ್ದರೆ ಅದು ವಾಸಿಯಾಗುವವರೆಗೆ ಮಲ ಅತ್ತ ಹೋಗದಂತೆ ಸಣ್ಣಕರುಳಿನಿಂದ ತಾತ್ಕಾಲಿಕ ಸ್ಟೋಮಾ ಮಾಡುತ್ತಾರೆ. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ, ಅಥವಾ ಕೀಮೋ ಮುಗಿದ ಮೇಲೆ, ಅದನ್ನು ಮುಚ್ಚುತ್ತಾರೆ.

ಚೀಲ ಬೇಡವೆಂದು ಆಪರೇಷನ್ ಬಿಟ್ಟರೆ ಗಡ್ಡೆ ಬೆಳೆದು ಕರುಳು ಕಟ್ಟಿ, ಕೊನೆಗೆ ತುರ್ತಿನಲ್ಲಿ ಅದೇ ಚೀಲ ಬರುತ್ತದೆ, ಕ್ಯಾನ್ಸರ್ ಒಳಗೇ ಉಳಿದಿರುತ್ತದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಚೀಲ ಹಾಕಿಕೊಂಡೇ ಗದ್ದೆ ಕೆಲಸ, ಆಫೀಸು, ಬಸ್ ಪ್ರಯಾಣ ಎಲ್ಲ ಮಾಡುವವರು ನಮ್ಮ ಸುತ್ತಲೇ ಇದ್ದಾರೆ. ಬಟ್ಟೆಯೊಳಗೆ ಅದು ಕಾಣುವುದಿಲ್ಲ.

ಇದರ ಅರ್ಧ ಸುಖ ದುಃಖ ನಿರ್ಧಾರವಾಗುವುದು ಆಪರೇಷನ್‌ನ ಹಿಂದಿನ ದಿನ. ಸ್ಟೋಮಾ ಎಲ್ಲಿ ಬರಬೇಕೆಂದು ಗುರುತು ಹಾಕಿಸಿಕೊಳ್ಳಿ. ಮಲಗಿದಾಗ ಮಾತ್ರ ಗುರುತು ಹಾಕಿದರೆ ಸಾಲದು, ಕೂತು, ನಿಂತು, ಬಗ್ಗಿ ನೋಡಬೇಕು. ಸೀರೆಯ ಲಂಗದ ಲಾಡಿ, ಪಂಚೆಯ ಗಂಟು, ಬೆಲ್ಟು ಬರುವ ಗೆರೆಯ ಮೇಲೆ ಬರಬಾರದು, ಹೊಟ್ಟೆಯ ಮಡಿಕೆಯೊಳಗೆ ಬರಬಾರದು, ನಿಮ್ಮ ಕಣ್ಣಿಗೆ ಕಾಣುವಂತಿರಬೇಕು. ನೀವು ದಿನವೂ ಉಡುವ ಬಟ್ಟೆಯಲ್ಲೇ ಹೋಗಿ. ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮುಂಚೆ ಬೀಡಿ, ಸಿಗರೇಟು, ಗುಟ್ಕಾ ಬಿಡಿ. ರಕ್ತಹೀನತೆ ಇದ್ದರೆ ಆ ವಾರಗಳಲ್ಲೇ ಕಬ್ಬಿಣದ ಡ್ರಿಪ್ ಹಾಕಿಸಿ ಸರಿಮಾಡಿಕೊಳ್ಳಿ. ಧೂಮಪಾನವೂ ಪೌಷ್ಟಿಕತೆಯ ಕೊರತೆಯೂ ಜೋಡಣೆ ಸೋರುವ ಅಪಾಯವನ್ನು ಹೆಚ್ಚಿಸುತ್ತವೆ. ಆಪರೇಷನ್ ಆದ ಮೊದಲ ವಾರ, ಎರಡನೇ ವಾರದಲ್ಲಿ ಜ್ವರ, ಹೆಚ್ಚುವ ಹೊಟ್ಟೆನೋವು, ನಾಡಿ ಓಟ ಕಂಡರೆ ಅದೇ ಸೋರಿಕೆಯ ಅನುಮಾನ ಪಡಬೇಕು.

ಪ್ರಶ್ನೆ: ತಾತ್ಕಾಲಿಕ ಸ್ಟೋಮಾ ಆಗಿ ಮೂರು ವಾರ. ಚೀಲ ಪದೇ ಪದೇ ನೀರಿನಿಂದ ತುಂಬುತ್ತದೆ, ವಿಪರೀತ ಬಾಯಾರಿಕೆ, ಸುಸ್ತು. ಎಷ್ಟು ನೀರು ಕುಡಿದರೂ ಸಾಲುತ್ತಿಲ್ಲ. — ಬಾಗಲಕೋಟೆ

ಬರಿ ನೀರು ಕುಡಿಯುತ್ತಿರುವುದೇ ತೊಂದರೆಯ ಒಂದು ಭಾಗ. ಸಣ್ಣಕರುಳಿನ ಸ್ಟೋಮಾದಿಂದ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಉಪ್ಪಿಲ್ಲದ ನೀರು ಕುಡಿದಷ್ಟೂ ಕರುಳು ಮೈಯ ಉಪ್ಪನ್ನೇ ಒಳಕ್ಕೆ ಎಳೆದು ಹೊರಹಾಕುತ್ತದೆ, ಚೀಲ ಇನ್ನಷ್ಟು ತುಂಬುತ್ತದೆ. ಎಳನೀರಿನಲ್ಲೂ ಸೋಡಿಯಂ ಕಡಿಮೆ, ಅದನ್ನು ನೆಚ್ಚಿಕೊಳ್ಳಬೇಡಿ. ಒಂದು ಲೀಟರ್ ನೀರಿಗೆ ಒಂದು ಪೂರ್ತಿ ಓಆರ್‌ಎಸ್ ಪೊಟ್ಟಣ ಕರಗಿಸಿ, ದಿನವಿಡೀ ಗುಟುಕು ಗುಟುಕಾಗಿ ಕುಡಿಯಿರಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬರಿ ನೀರು, ಚಹಾ, ಹಣ್ಣಿನ ರಸವನ್ನು ಕಡಿಮೆ ಮಾಡಿ. ಉಪ್ಪು ಹಾಕಿದ ಗಂಜಿ, ಮಜ್ಜಿಗೆ ಒಳ್ಳೆಯದು.

ಎರಡು ದಿನ ಅಳೆಯಿರಿ. ಗೆರೆ ಇರುವ ಮಗ್ಗಿಗೆ ಚೀಲ ಖಾಲಿ ಮಾಡಿ ಬರೆದಿಡಿ. ದಿನಕ್ಕೆ ಅರ್ಧದಿಂದ ಒಂದು ಲೀಟರಿನೊಳಗೆ, ಗಂಜಿಯ ಹದದಲ್ಲಿ ಬಂದರೆ ಸರಿ. ಒಂದೂವರೆ ಲೀಟರ್ ದಾಟಿದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಿ ಕ್ರಿಯಾಟಿನಿನ್, ಸೋಡಿಯಂ ನೋಡಿಸಿ. ಈ ಸ್ಟೋಮಾ ಇರುವವರು ಮತ್ತೆ ಆಸ್ಪತ್ರೆ ಸೇರಲು ನಿರ್ಜಲತೆಯೇ ದೊಡ್ಡ ಕಾರಣ. ನಿಮ್ಮ ಕಡೆಯ ಬಿಸಿಲಿನಲ್ಲಂತೂ ಕಿಡ್ನಿಗೆ ಪೆಟ್ಟು ಬೀಳಲು ಹೆಚ್ಚು ದಿನ ಬೇಡ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಬೇಕೇ ಎಂದು ಕೇಳಿ. ವೈದ್ಯರು ಒಪ್ಪಿದರೆ 2 ಮಿ.ಗ್ರಾಂ. ಲೋಪೆರಮೈಡ್ ಊಟಕ್ಕೆ ಅರ್ಧ ಗಂಟೆ ಮುಂಚೆ. ಊಟದ ನಂತರ ಕೊಟ್ಟರೆ ಹೆಚ್ಚು ಉಪಯೋಗವಿಲ್ಲ. ಗುಳಿಗೆ ಇಡಿಯಾಗಿ ಚೀಲದಲ್ಲಿ ಕಂಡರೆ, ಅದು ನಿಧಾನವಾಗಿ ಕರಗುವ ಬಗೆಯದು ಇರಬಹುದು, ಬದಲಿಸಿಕೊಳ್ಳಿ.

ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ, ಭಾರಕ್ಕೆ ಅಂಟು ಬಿಡುತ್ತದೆ. ಅಂಟುಬಿಲ್ಲೆಯ ತೂತು ಸ್ಟೋಮಾಕ್ಕಿಂತ 2–3 ಮಿ.ಮೀ. ಮಾತ್ರ ದೊಡ್ಡದಿರಲಿ. ಇನ್ನೂ ದೊಡ್ಡದಾದರೆ ಆ ಸಂದಿಯ ಚರ್ಮವನ್ನು ಕರುಳಿನ ರಸ ಸುಟ್ಟುಬಿಡುತ್ತದೆ. ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಾ ಹೋಗುವುದರಿಂದ ಪ್ರತಿ ವಾರ ಅಳತೆ ನೋಡಿ. ಬೆಳಿಗ್ಗೆ ತಿಂಡಿಗೆ ಮುಂಚೆ ಬಿಲ್ಲೆ ಬದಲಿಸಿ, ಆಗ ಹರಿವು ಕಡಿಮೆ. ಉಗುರುಬೆಚ್ಚಗಿನ ನೀರು ಸಾಕು. ಡೆಟಾಲ್ ಬೇಡ, ಕೊಬ್ಬರಿ ಎಣ್ಣೆ ಹಚ್ಚಿದರೆ ಬಿಲ್ಲೆ ಹಿಡಿಯುವುದೇ ಇಲ್ಲ. ಸ್ಟೋಮಾ ಕೆಂಪಾಗಿ ಒದ್ದೆಯಾಗಿರಬೇಕು, ಒರೆಸುವಾಗ ಚೂರು ರಕ್ತ ಕಂಡರೆ ಪರವಾಗಿಲ್ಲ. ಕಪ್ಪಾದರೆ ತಕ್ಷಣ ಹೊರಡಿ. ನುಗ್ಗೆಕಾಯಿ, ಮೆಕ್ಕೆಜೋಳ, ಹಸಿ ಕೊಬ್ಬರಿ ಚೂರು, ಅನಾನಸ್, ಹಲಸಿನ ತೊಳೆ, ಅಣಬೆ ಮೊದಲ ಎರಡು ತಿಂಗಳು ಬೇಡ, ಅವು ದಾರಿ ಕಟ್ಟುತ್ತವೆ. ಐದಾರು ಗಂಟೆ ಏನೂ ಬಾರದೆ ಹೊಟ್ಟೆ ಹಿಂಡಿ ವಾಂತಿಯಾದರೆ ಅದು ತುರ್ತು.

ಪ್ರಶ್ನೆ: ಸ್ಟೋಮಾ ಮುಚ್ಚಿಸಿಕೊಂಡು ಎರಡು ತಿಂಗಳು. ದಿನಕ್ಕೆ ಹನ್ನೆರಡು ಸಲ ಕಕ್ಕಸಿಗೆ ಓಡುತ್ತೇನೆ, ಒಮ್ಮೆ ಹೋದರೆ ಗಂಟೆಯಲ್ಲಿ ನಾಲ್ಕು ಸಲ. ಕ್ಯಾನ್ಸರ್ ವಾಪಸ್ಸು ಬಂದಿದೆಯೇ? — ತುಮಕೂರು

ಹೆಚ್ಚಿನಂಶ ಇಲ್ಲ. ಮಲವನ್ನು ಕೂಡಿಟ್ಟುಕೊಳ್ಳುವ ಚೀಲದಂಥ ಭಾಗವೇ ಹೋಗಿದೆ, ಅದರ ಜಾಗದಲ್ಲಿ ಕಿರಿದಾದ ಕರುಳಿದೆ. ರೇಡಿಯೇಷನ್‌ನಿಂದ ಅದು ಬಿಗಿಯೂ ಆಗಿದೆ. ಹೀಗಾಗಿ ತಡೆಹಿಡಿಯಲಾಗದ ಅವಸರ, ಗುಂಪು ಗುಂಪಾಗಿ ಹೋಗುವುದು, ಗಾಳಿಗೂ ಮಲಕ್ಕೂ ವ್ಯತ್ಯಾಸ ತಿಳಿಯದಿರುವುದು ಕಾಣಿಸಿಕೊಳ್ಳುತ್ತವೆ. ಇದನ್ನು ಲಾರ್ಸ್ ಎನ್ನುತ್ತಾರೆ. ಐದು ಪ್ರಶ್ನೆಗಳಿಂದ 42ರವರೆಗೆ ಅಂಕ ಕೊಡುವ ಅಳತೆ ಇದೆ, 30 ಮುಟ್ಟಿದರೆ ತೀವ್ರ. ನಿಮ್ಮ ಅಂಕ ತೆಗೆಸಿಕೊಳ್ಳಿ, ಸುಧಾರಣೆ ಕಾಣಲು ಅದು ಬೇಕು. ಬಹಳ ಜನ ಇದನ್ನು ನಾಚಿಕೆಯಿಂದ ಮುಚ್ಚಿಟ್ಟು ಮನೆಯಿಂದ ಹೊರಗೆ ಹೋಗುವುದನ್ನೇ ಬಿಡುತ್ತಾರೆ. ಅದು ಬೇಡ, ಇದಕ್ಕೆ ಮಾಡುವಂಥದ್ದು ಸಾಕಷ್ಟಿದೆ.

ಇಸಬ್‌ಗೋಲನ್ನು ಒಂದು ಟೀ ಚಮಚ, ಕಡಿಮೆ ನೀರಿನಲ್ಲಿ ಕಲಸಿ ದಿನಕ್ಕೆ ಒಂದೆರಡು ಸಲ ತೆಗೆದುಕೊಳ್ಳಿ. ಲೋಟ ತುಂಬ ನೀರಿನಲ್ಲಿ ಕುಡಿದರೆ ಮಲ ಸಡಿಲವಾಗುತ್ತದೆ, ನಿಮಗೆ ಬೇಕಾದ್ದು ಗಟ್ಟಿಯಾಗುವುದು. ಹೊರಗೆ ಹೋಗುವ ದಿನ ಊಟಕ್ಕೆ ಅರ್ಧ ಗಂಟೆ ಮುಂಚೆ ಲೋಪೆರಮೈಡ್. ಖಾರ, ಕಾಫಿ, ಹಾಲು, ಕರಿದದ್ದು, ಇವುಗಳಲ್ಲಿ ಯಾವುದು ಕೆರಳಿಸುತ್ತದೆ ಎಂದು ಎರಡು ವಾರ ಬರೆದಿಟ್ಟು ಕಂಡುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಸೊರಗುತ್ತೀರಿ. ಗುದದ್ವಾರ ಬಿಗಿಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ. ಎಷ್ಟೋ ಜನ ಹೊಟ್ಟೆ, ತೊಡೆಗಳನ್ನು ಬಿಗಿಮಾಡಿ ಅದನ್ನೇ ವ್ಯಾಯಾಮವೆಂದು ತಿಳಿದಿರುತ್ತಾರೆ. ಚರ್ಮ ಒಡೆಯದಂತೆ ಜಿಂಕ್ ಆಕ್ಸೈಡ್ ಕ್ರೀಮ್ ಹಚ್ಚಿ. ಇಷ್ಟರಲ್ಲೂ ಸಾಲದಿದ್ದರೆ ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ ಗುದದ್ವಾರದ ಮೂಲಕ ಬೆಚ್ಚನೆ ನೀರು ಹಾಯಿಸಿ ಕರುಳು ಖಾಲಿ ಮಾಡುವ ವಿಧಾನ ಇದೆ. ಜೋಡಣೆ ವಾಸಿಯಾಗಿದೆ ಎಂದು ಶಸ್ತ್ರವೈದ್ಯರು ಖಚಿತಪಡಿಸದೆ ಅದನ್ನು ಮಾಡಬಾರದು. ಒಂದರಿಂದ ಎರಡು ವರ್ಷದವರೆಗೂ ಇದು ಸುಧಾರಿಸುತ್ತಾ ಹೋಗುತ್ತದೆ. ಮೂತ್ರ ಪೂರ್ತಿ ಖಾಲಿಯಾಗದಿರುವುದು, ನಿಮಿರುವಿಕೆಯ ತೊಂದರೆ ಇದ್ದರೂ ಹೇಳಿ, ಅವಕ್ಕೂ ಚಿಕಿತ್ಸೆ ಇದೆ.

ಪ್ರಶ್ನೆ: ಆಪರೇಷನ್ ಆಯಿತು, ಗ್ರಂಥಿಗಳೆಲ್ಲ ಶುದ್ಧ ಎಂದು ವರದಿ ಬಂದಿದೆ. ಮತ್ತೆ ಯಾಕೆ ಕೀಮೋ? — ಉಡುಪಿ

ವರದಿಯಲ್ಲಿ ಎಷ್ಟು ಗ್ರಂಥಿ ಪರೀಕ್ಷಿಸಿದ್ದಾರೆ ಎಂದು ಮೊದಲು ನೋಡಿ. ಕನಿಷ್ಠ 12 ಇರಬೇಕು ಎಂಬುದು ರೂಢಿ. ಮೊದಲೇ ರೇಡಿಯೇಷನ್ ಆಗಿದ್ದರೆ ಕಡಿಮೆ ಸಿಗುವುದು ಸಹಜ. ಸುತ್ತಲಿನ ಅಂಚು ಶುದ್ಧವೇ, ರಕ್ತನಾಳಕ್ಕೆ ನುಗ್ಗಿದೆಯೇ ಎಂಬುದೂ ಅಷ್ಟೇ ಮುಖ್ಯ. ಆಪರೇಷನ್‌ಗೆ ಮುಂಚೆಯೇ ಪೂರ್ತಿ ಕೀಮೋ ಆಗಿದ್ದರೆ ಸಾಮಾನ್ಯವಾಗಿ ಮತ್ತೆ ಬೇಡ. ರೇಡಿಯೇಷನ್ ಮತ್ತು ಅದರ ಜೊತೆಗಿನ ಮಾತ್ರೆ ಮಾತ್ರ ಆಗಿದ್ದರೆ, ಮುಂಚೆ ಎಂಆರ್‌ಐಯಲ್ಲಿ ಕಂಡಿದ್ದ ಗಂಭೀರತೆಯನ್ನು ಲೆಕ್ಕಕ್ಕೆ ಹಿಡಿದು ಸುಮಾರು ನಾಲ್ಕು ತಿಂಗಳ ಕೀಮೋ ಹೇಳುತ್ತಾರೆ. ಮೊದಲೇ ಚಿಕಿತ್ಸೆ ಆಗಿ ಗಡ್ಡೆ ಪೂರ್ತಿ ಕರಗಿದವರಿಗೆ ಇದರ ಲಾಭ ಎಷ್ಟು ಎಂಬುದರಲ್ಲಿ ತಜ್ಞರಲ್ಲೇ ಭಿನ್ನಾಭಿಪ್ರಾಯ ಇದೆ, ಚರ್ಚಿಸಿ ನಿರ್ಧರಿಸಿ. ಮಾಡಿಸುವುದಾದರೆ ಆರೆಂಟು ವಾರದೊಳಗೆ ಶುರುವಾಗಲಿ, ತಡವಾದಷ್ಟೂ ಲಾಭ ಇಳಿಯುತ್ತದೆ. ಮೊದಲು ಏನೂ ಕೊಡದೆ ನೇರ ಆಪರೇಷನ್ ಆಗಿ, ವರದಿಯಲ್ಲಿ ಗ್ರಂಥಿಗೆ ತಗುಲಿದ್ದು ಕಂಡರೆ ಆರು ತಿಂಗಳ ಚಿಕಿತ್ಸೆಯ ಮಾತು ಬರುತ್ತದೆ. ಅಂಚು ಶುದ್ಧವಿಲ್ಲದಿದ್ದರೆ ರೇಡಿಯೇಷನ್ನೂ ಸೇರುತ್ತದೆ.

ಪ್ರಶ್ನೆ: ಎಲ್ಲ ಮುಗಿದ ಮೇಲೆ ತಪಾಸಣೆ ಎಷ್ಟು ದಿನ? ಖರ್ಚು ಹೇಗೆ? — ಕಲಬುರಗಿ

ಐದು ವರ್ಷ. ಸಿಇಎ ಮತ್ತು ವೈದ್ಯರ ಪರೀಕ್ಷೆ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ಎದೆ, ಹೊಟ್ಟೆ, ಸೊಂಟದ ಸಿಟಿ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ. ಕೊಲೊನೋಸ್ಕೋಪಿ ಒಂದು ವರ್ಷಕ್ಕೆ, ಸರಿ ಇದ್ದರೆ ಮೂರು ವರ್ಷ ಬಿಟ್ಟು, ಆಮೇಲೆ ಐದು ವರ್ಷಕ್ಕೊಮ್ಮೆ. ಸಿಇಎ ಸ್ವಲ್ಪ ಏರಿದ ಕೂಡಲೇ ಗಾಬರಿಯಾಗಬೇಡಿ, ಧೂಮಪಾನದಿಂದಲೂ ಏರುತ್ತದೆ. ಅದೇ ಲ್ಯಾಬ್‌ನಲ್ಲಿ ಮತ್ತೊಮ್ಮೆ ಮಾಡಿಸಿ, ಏರುತ್ತಲೇ ಹೋದರೆ ಸ್ಕ್ಯಾನ್. ಲಿವರ್‌ನಲ್ಲಿ ಒಂದೆರಡು ಚುಕ್ಕೆಯಾಗಿ ಮರಳಿದ ಕಾಯಿಲೆಯನ್ನೂ ಬೇಗ ಕಂಡರೆ ಆಪರೇಷನ್ ಮಾಡಿ ತೆಗೆಯಲು ಸಾಧ್ಯ, ತಪಾಸಣೆ ಇರುವುದು ಅದಕ್ಕೇ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಉಚಿತ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ರೂ. ವರೆಗೆ ಸಿಗುತ್ತದೆ. ಪಡಿತರ ಚೀಟಿ, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ದಾಖಲಾಗುವ ಮುಂಚೆಯೇ ಹೊಂದಿಸಿಟ್ಟುಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಘಟಕ ನಿಮ್ಮ ಊರಲ್ಲೇ ಇದೆ, ಮೊದಲು ಅಲ್ಲಿ ವಿಚಾರಿಸಿ. ಸ್ಟೋಮಾ ಚೀಲ, ಬಿಲ್ಲೆಗಳು ಪ್ಯಾಕೇಜಿನಲ್ಲಿ ಸೇರಿವೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ಬಿಡುಗಡೆಯಾಗುವ ದಿನ ಕನಿಷ್ಠ ಎರಡು ವಾರಕ್ಕೆ ಸಾಕಾಗುವಷ್ಟು ಕೈಯಲ್ಲಿಟ್ಟುಕೊಂಡೇ ಮನೆಗೆ ಹೊರಡಿ.